ನಿಂತ ಮರ, ಬಿದ್ದ ಎಲೆ

ಶಿವರಾತ್ರಿ ಕಳೆಯಿತೆಂದರೆ ಸೊರಬದ ಸೊಪ್ಪಿನ ಬೆಟ್ಟಗಳಲ್ಲಿ ಪರಪರ ಸದ್ದು ಶುರು. ಹೆಂಗಸರು ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸುತ್ತಿದ್ದಾರೆ. ಬಿಸಿಲೇರುವ ಮೊದಲೇ ಬರಬೇಕು. ಇಬ್ಬನಿಗೆ ಮೆತ್ತಗಾದ ಎಲೆ ಪುಡಿಯಾಗದೆ ಬಲೆಚೀಲದಂಥ ಕಲ್ಲಿಯೊಳಗೆ ಒತ್ತಾಗಿ ಕೂರುತ್ತದೆ. ಒಬ್ಬಳು ಗುಡಿಸುತ್ತಾಳೆ, ಇನ್ನೊಬ್ಬಳು ಬಾಚಿ ತುಂಬುತ್ತಾಳೆ, ಮೂರನೆಯವಳು ಬಲೆಯ ಮೇಲೆ ಹತ್ತಿ ತುಳಿಯುತ್ತಾಳೆ. ಹೊರೆ ತಲೆಗೇರಿದ ಮೇಲೆ ಹೊತ್ತವಳ ಮುಖ ಕಾಣುವುದಿಲ್ಲ. ದೂರದಿಂದ ನೋಡಿದರೆ ಕಂದು ಗುಡ್ಡೆಗಳಿಗೇ ಕಾಲು ಬಂದು ಊರಿನತ್ತ ಹೊರಟಂತೆ. ಆ ಎಲೆ ಕೊಟ್ಟಿಗೆಯಲ್ಲಿ ದನದ ಕಾಲಡಿ ಮಲಗಿ, ಸಗಣಿ ಗಂಜಲ ಕುಡಿದು, ಗೊಬ್ಬರಗುಂಡಿ ಸೇರಿ, ಮುಂದೆ ಗದ್ದೆಗೋ ಅಡಿಕೆ ಮರದ ಬುಡಕ್ಕೋ ಹೋಗುತ್ತದೆ.

ಅದೇ ಬೆಟ್ಟಕ್ಕೆ ಗಂಡಸರೂ ಬರುತ್ತಾರೆ, ಸೊಂಟದಲ್ಲಿ ಕತ್ತಿ ಸಿಕ್ಕಿಸಿಕೊಂಡು. ಮರ ಹತ್ತಿ ಹಸಿಸೊಪ್ಪು ಸವರುತ್ತಾರೆ, ನೇಗಿಲಿಗೆ ಹೊಂದುವ ಕೊಂಬೆ, ಚಪ್ಪರಕ್ಕೆ ಆಗುವ ಗಳ ಎಲ್ಲಿದೆಯೆಂದು ಕಣ್ಣಿಟ್ಟಿರುತ್ತಾರೆ, ಜೇನು ಕಂಡರೆ ಹೊಗೆ ಹಾಕುತ್ತಾರೆ. ಒಂದೇ ಕಾಡು, ನಿಂತದ್ದು ಅವನ ಲೆಕ್ಕ, ಬಿದ್ದದ್ದು ಇವಳ ಲೆಕ್ಕ. ಒಣಗಿದ ಪುರಲೆ, ಉದುರಿದ ಅಂಟುವಾಳ, ನೆಲದಲ್ಲೇಳುವ ಅಣಬೆ, ಒಂದೆಲಗ, ಚಗಟೆ ಸೊಪ್ಪು ಇವೆಲ್ಲ ಬಗ್ಗಿ ಆಯಬೇಕಾದವು. ಗಂಡಸಿನ ಕಾಡು ಕತ್ತು ಎತ್ತಿಸುತ್ತದೆ, ಹೆಂಗಸಿನದು ಬೆನ್ನು ಬಾಗಿಸುತ್ತದೆ. ಅಪವಾದ ಇಲ್ಲವೆಂದಲ್ಲ. ಕಳಲೆಯ ದಿನಗಳಲ್ಲಿ ಇಬ್ಬರೂ ಬಿದಿರುಮೆಳೆಗೆ ನುಗ್ಗುತ್ತಾರೆ. ಆದರೆ ಅದನ್ನು ಹೆಚ್ಚಿ, ನೀರಿಗೆ ಹಾಕಿ, ದಿನಾ ನೀರು ಬದಲಿಸಿ ಕಹಿ ತೆಗೆಯುವ ಕೈ ಯಾರದೆಂದು ಹೇಳಬೇಕಿಲ್ಲ.

ಮಳೆಗಾಲದಲ್ಲಿ ಉಪ್ಪಾಗೆ ಎಂಬ ಹುಳಿಕಾಯಿಯ ಕೆಲಸದಲ್ಲಿ ಈ ಹಂಚಿಕೆ ಇನ್ನೂ ಸ್ಪಷ್ಟ. ಸಾಗರ, ಸಿದ್ದಾಪುರದ ಕಡೆಗೆ ಚಾಚಿಕೊಂಡ ಕಾನುಗಳೆಂಬ ನಿತ್ಯಹಸಿರು ಕಾಡುಗಳಲ್ಲಿ ಆಷಾಢದ ಜಡಿಮಳೆಯಲ್ಲೇ ಕಾಯಿ ಹಣ್ಣಾಗುತ್ತದೆ. ಪಾಚಿಗಟ್ಟಿದ ಕಾಂಡ ಹತ್ತುವುದು ಗಂಡಸು; ಜಾರಿದರೆ ಸೊಂಟವೇ ಮುರಿದೀತು, ಆ ಧೈರ್ಯವನ್ನು ಕಡಿಮೆ ಮಾಡಿ ಹೇಳಬಾರದು. ಬುಟ್ಟಿ ಮನೆಗೆ ಬಂದ ಮೇಲೆ ಕೆಲಸ ಕೈ ಬದಲಾಯಿಸುತ್ತದೆ. ಒಡೆದು ಬೀಜ ಬಿಡಿಸಬೇಕು, ಸಿಪ್ಪೆ ಒಣಗಿಸಬೇಕು. ಬಿಸಿಲೆಲ್ಲಿ? ಒಲೆಯ ಮೇಲಿನ ಅಟ್ಟವೇ ಗತಿ. ಹಗಲಿರುಳು ಬೆಂಕಿ ಆರದಂತೆ ನೋಡಿಕೊಳ್ಳುತ್ತ, ಸಿಪ್ಪೆ ಮಗುಚುತ್ತ, ಹೊಗೆಗೆ ಕಣ್ಣೊರೆಸಿಕೊಳ್ಳುತ್ತ ಕೂರುವವಳಿಗೆ ಸಿಪ್ಪೆ ಕರ್ರಗಾದಾಗಲೇ ಬಿಡುಗಡೆ. ಬೀಜದಿಂದ ತೆಗೆದ ಉಪ್ಪಾಗೆ ತುಪ್ಪ ಒಂದು ಕಾಲಕ್ಕೆ ಮನೆಯ ಅಡುಗೆಗೂ ಆಗುತ್ತಿತ್ತು. 1990ರ ದಶಕದಲ್ಲಿ ಬೊಜ್ಜು ಕರಗಿಸುವ ಮಾತ್ರೆಗೆಂದು ಹೊರದೇಶಗಳಿಂದ ಬೇಡಿಕೆ ಬಂತು. ದರ ಏರಿತು, ಕಾಯಿ ಬಲಿಯುವ ಮೊದಲೇ ಕೊಂಬೆಗಳು ನೆಲ ಕಂಡವು. ಒಣಗಿಸಲು ಉರಿಸಿದ ಸೌದೆಯೂ ಅದೇ ಕಾಡಿನದು. ತಕ್ಕಡಿ ಮಾತ್ರ ಅಂಗಳದಲ್ಲಿ ತೂಗುತ್ತದೆ, ಅಟ್ಟದ ಕೆಳಗಲ್ಲ.

ಶಿಕಾರಿಪುರಕ್ಕೆ ಬಂದರೆ ನೆಲವೇ ಬೇರೆ. ಮಲೆನಾಡು ಇಲ್ಲಿ ಅಂಚು ಮಡಿಚಿಕೊಳ್ಳುತ್ತದೆ. ಕುಮುದ್ವತಿಯ ಬಯಲು, ಅಂಜನಾಪುರದ ಕೆರೆನೀರು, ಮೆಕ್ಕೆಜೋಳ, ಶುಂಠಿ; ಅಲ್ಲಲ್ಲಿ ಲಂಬಾಣಿ ತಾಂಡಾ. ಎಲೆಯುದುರುವ ಕಾಡು ಬೇಸಿಗೆಯಲ್ಲಿ ಎಲುಬಿನಂತೆ ನಿಲ್ಲುತ್ತದೆ. ಕನ್ನಡಿ ಚೂರು ಹೊಲಿದ ಲಂಗದ ಅಜ್ಜಿ ಮುಂದೆ, ಚೂಡಿದಾರದ ಮೊಮ್ಮಗಳು ಹಿಂದೆ, ಇಬ್ಬರ ತಲೆಯ ಮೇಲೂ ಸೌದೆ. ಮನೆಯಲ್ಲಿ ಸಿಲಿಂಡರ್ ಇಲ್ಲವೇ ಅಂದರೆ ಇದೆ, 2016ರ ಉಜ್ವಲ ಯೋಜನೆಯ ನಂತರ ಹಲವು ಮನೆಗಳಿಗೆ ಬಂದಿದೆ. ಅದು ಚಹಾಕ್ಕೆ, ನೆಂಟರು ಬಂದ ದಿನಕ್ಕೆ. ಬಚ್ಚಲ ಹಂಡೆ ಇನ್ನೂ ಕಟ್ಟಿಗೆಯನ್ನೇ ಕೇಳುತ್ತದೆ. ಅಡಿಕೆ ಬೇಯಿಸುವ ಹಬೆಯ ದಿನಗಳಲ್ಲಂತೂ ಸೌದೆ ಟ್ರ್ಯಾಕ್ಟರ್ ಏರಿ ಬರುತ್ತದೆ. ಚಕ್ರ ಸೇರಿದ ಕೂಡಲೇ ಹೊರುವ ಕೆಲಸ ಗಂಡಸಿನದಾಗುವುದು ನಮ್ಮ ಕಡೆಯ ಹಳೆಯ ಚೋದ್ಯ.

ನಡುವೆ ಅಕೇಶಿಯ ಬಂತು, ನೀಲಗಿರಿ ಬಂತು. ಕಾಗದಕ್ಕೆಂದು ಸಾಲಾಗಿ ನೆಟ್ಟ ಮರದಡಿ ಸೊಪ್ಪಿಲ್ಲ, ಗೆಡ್ಡೆಯಿಲ್ಲ, ದನಕ್ಕೆ ಮೇವಿಲ್ಲ. 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಹುಟ್ಟಿ, ಸುಮಾರು 30,000 ಹೆಕ್ಟೇರ್ ಜಮೀನು ನೆಡುತೋಪಿಗೆ ಹೋಗುವ ಮಾತಾದಾಗ ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಸೊರಬದ ನೆರೆಯ ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ನಡೆಯಿತು: ನೀಲಗಿರಿ ಸಸಿ ಕೀಳುವುದು, ಊರಿಗೆ ಬೇಕಾದ ಗಿಡ ಹಚ್ಚುವುದು. 1991ರಲ್ಲಿ ಆ ಕಂಪನಿ ಮುಚ್ಚಿತು. ಅಕೇಶಿಯ ಮಾತ್ರ ಎಲ್ಲಿಗೂ ಹೋಗಲಿಲ್ಲ.

ಕಾಡು ಹೆಣ್ಣಿನ ಕೈಯಲ್ಲಿ ಬಣ್ಣವೂ ಆಗುತ್ತದೆ. ಅದನ್ನು ನೋಡಬೇಕಾದರೆ ಭೂಮಿ ಹುಣ್ಣಿಮೆಗೆ ಸೊರಬದ ದೀವರ ಸಮುದಾಯದ ಮನೆಗೆ ಹೋಗಬೇಕು. ಬಿದಿರ ಬುಟ್ಟಿಗೆ ಕೆಮ್ಮಣ್ಣು ಬಳಿದು, ಪುಂಡಿನಾರಿನ ಕುಂಚದಲ್ಲಿ ಅಕ್ಕಿಹಿಟ್ಟಿನ ಬಿಳಿ ಗೆರೆ ಎಳೆಯುತ್ತಾರೆ. ಸುಟ್ಟ ಅಕ್ಕಿ ಕಪ್ಪು ಕೊಡುತ್ತದೆ, ಗುರಿಗೆ ಕಾಯಿ ಹಳದಿ ಕೊಡುತ್ತದೆ. ಬೇಲಿ, ಹಳ್ಳ, ಕಾನಿನಂಚು ಸುತ್ತಿ ತಂದ ಬಗೆಬಗೆಯ ಸೊಪ್ಪು ಬೆಂದು ಹಚ್ಚಂಬಲಿಯಾಗುತ್ತದೆ. ರಾತ್ರಿಯೆಲ್ಲ ಹೆಂಗಸರು ನಿದ್ದೆಗೆಟ್ಟು ಬೇಯಿಸುತ್ತಾರೆ; ನಸುಕಿನಲ್ಲಿ ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಚರಗ ಚೆಲ್ಲುವವನು ಗಂಡಸು. ಬಸುರಿ ಭೂಮಿಗೆ ಬಡಿಸುವ ಬಯಕೆಯೂಟವನ್ನು ಗಂಡಸೇ ಬಡಿಸಬೇಕೆಂದು ಯಾವ ಕಾಲದಲ್ಲಿ ಯಾರು ಕಟ್ಟಳೆ ಮಾಡಿದರೋ!

ಸರ್ಕಾರದ ಕಾಗದಗಳಿಗೂ ಸೊರಬದ ಕಾನು ಹಳೆಯ ಪರಿಚಯವೇ. 1868ರಲ್ಲೇ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಇವುಗಳ ಮೇಲೆ ವರದಿ ಬರೆದಿದ್ದರು. ಆಗ ಕಾನಿನ ಬೆಲೆಯೆಂದರೆ ಕಾಳುಮೆಣಸು ಮತ್ತು ಬೈನೆ ಮರದ ಕಳ್ಳು. ಕಾನುಶಿಸ್ತು ಎಂಬ ಕಂದಾಯವೂ ಇತ್ತು. ದರಕಿಗೆ ಯಾರು ಶಿಸ್ತು ಹಾಕುತ್ತಾರೆ? ಕಂದಾಯ ಇಲ್ಲದ್ದಕ್ಕೆ ರಸೀದಿಯೂ ಇಲ್ಲ, ರಸೀದಿ ಇಲ್ಲದ್ದು ಮುಂದೆ ಹಕ್ಕು ಕೇಳುವಾಗ ದಾಖಲೆಯಾಗುವುದಿಲ್ಲ.

2006ರ ಅರಣ್ಯ ಹಕ್ಕು ಕಾಯ್ದೆ ಇದನ್ನು ತುಸು ಗಮನಿಸಿದೆ. ಗಂಡಹೆಂಡಿರ ಇಬ್ಬರ ಹೆಸರಿಗೂ ಜಂಟಿ ಹಕ್ಕುಪತ್ರ, ಅರಣ್ಯ ಹಕ್ಕು ಸಮಿತಿಯಲ್ಲಿ ಮೂರನೆಯ ಒಂದಕ್ಕೆ ಕಡಿಮೆಯಿಲ್ಲದಷ್ಟು ಹೆಂಗಸರು. ಕಿರು ಅರಣ್ಯ ಉತ್ಪನ್ನದ ಪಟ್ಟಿಯಲ್ಲಿ ಜೇನು, ಬಿದಿರಿನ ಜೊತೆಗೇ ಪುರಲೆ ಸೌದೆಯೂ ಕೂತಿದೆ. ಆದರೆ ಸಾಗುವಳಿ ನೆಲದ ಹಕ್ಕಿಗೆ ‘ಎ’ ನಮೂನೆ, ಊರೊಟ್ಟಿನ ಹಕ್ಕಿಗೆ ‘ಬಿ’ ನಮೂನೆ. ಹೊಲದ ಕನಸಿರುವ ಗಂಡಸರ ಮಾತೆಲ್ಲ ‘ಎ’ ಸುತ್ತಲೇ ಸುತ್ತುತ್ತದೆ. ‘ಬಿ’ ಹಾಳೆ ತುಂಬಲು ಬೇರೆ ಜಾಣ್ಮೆ ಬೇಕು: ಯಾವ ಹಳ್ಳದಾಚೆ ಸೀಗೆಮಟ್ಟಿ, ಯಾವ ಬೆಟ್ಟದಲ್ಲಿ ಎಷ್ಟು ಕಲ್ಲಿ ದರಕು, ಯಾವ ದಾರಿ ಅಕೇಶಿಯ ತೋಪಿನ ಬೇಲಿಗೆ ಸಿಕ್ಕಿ ಮುಚ್ಚಿತು. ಅದನ್ನು ಹೇಳಬಲ್ಲವರು ಸಂಜೆ ಐದಕ್ಕೆ ಕರೆದ ಸಭೆಗೆ ಬರಲಾರರು. ಆಗ ಅವರು ಹಾಲು ಕರೆಯುತ್ತಿರುತ್ತಾರೆ.