ಮೀನಿನ ತೊಟ್ಟಿಯೂ ಮನೆಯ ನೆಲವೂ

ನಮ್ಮ ಮನೆಯಲ್ಲಿ ಗಾಜಿನ ಮೀನಿನ ತೊಟ್ಟಿ ಇದೆ. ನೆಲ ಮಾತ್ರ ಸಗಣಿ ಸಾರಿಸಿದ ಮಣ್ಣಿನದು. ಇಂಥ ನೆಲ ಕೆಡದ ಹಾಗೆ ತೊಟ್ಟಿ ಇಡುವುದು ಹೇಗೆ ಅಂತ ಹೇಳುತ್ತೇನೆ.

ಮೊದಲು ಭಾರದ ಲೆಕ್ಕ. ತೊಟ್ಟಿಯ ಉದ್ದ 60 ಸೆಂ.ಮೀ., ಅಗಲ 30, ಎತ್ತರ 30. ಗುಣಿಸಿದರೆ 54,000 ಘನ ಸೆಂ.ಮೀ., ಅಂದರೆ 54 ಲೀಟರ್. ಒಂದು ಲೀಟರ್ ನೀರು ಒಂದು ಕಿಲೋ. ಪೂರ್ತಿ ತುಂಬಿದರೆ ನೀರೇ 54 ಕಿಲೋ! ಗಾಜು, ಮರಳು ಬೇರೆ. ಇಷ್ಟೂ ಭಾರ ಮೇಜಿನ ನಾಲ್ಕು ಕಾಲಿನ ಮೇಲೆ ಬೀಳುತ್ತದೆ.

ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಮಣ್ಣು ನೀರು ಹೀರಿ ಮೆತ್ತಗಾಗುತ್ತದೆ. ಒಂದು ಕಾಲು ಕುಸಿದರೂ ತೊಟ್ಟಿ ವಾಲುತ್ತದೆ, ಗಾಜಿನ ಅಂಟು ಬಿಡಬಹುದು. ಆಮೇಲೆ ನೆಲವೂ ಹೋಯಿತು, ಮೀನೂ ಹೋಯಿತು! ಅದಕ್ಕೇ ಮೇಜಿನ ಕೆಳಗೆ ಅಗಲವಾದ ಶಹಾಬಾದ್ ಕಲ್ಲು ಹಾಸಿದ್ದೇವೆ. ಭಾರ ಹರಡುತ್ತದೆ, ಚೆಲ್ಲಿದ ನೀರು ಒರೆಸುವುದೂ ಸುಲಭ. ಗೋಣಿಚೀಲ ಹಾಸಬೇಡಿ. ಅದು ಒದ್ದೆಯಾಗಿಯೇ ಇದ್ದು ಗೆದ್ದಲು ಹತ್ತುತ್ತದೆ.

ಗಾಳಿ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಬೇಕು. ಕೆಳಗಿದ್ದರೆ ಕರೆಂಟು ಹೋದಾಗ ನೀರು ಪೈಪಿನಲ್ಲಿ ಹಿಂದಕ್ಕೆ ಬಂದು ನೆಲಕ್ಕೆ ಸುರಿಯಬಹುದು. ಪೈಪು ಹಾಕಿ ನೀರು ತೆಗೆಯುವಾಗ ಒಬ್ಬರು ಬಕೆಟ್ ಹತ್ತಿರವೇ ನಿಲ್ಲಬೇಕು. ಬಕೆಟ್ ತುಂಬಿತೆಂದು ಪೈಪು ತಾನಾಗಿ ನಿಲ್ಲುವುದಿಲ್ಲ.

ಕೆಂಪು ಗಾರೆ ನೆಲ ಇರುವವರೂ ಹುಷಾರು. ಒದ್ದೆಯಾದರೆ ಅದು ಜಾರುತ್ತದೆ, ಮನೆಯಲ್ಲಿ ಅಜ್ಜ ಅಜ್ಜಿ ಓಡಾಡುತ್ತಾರೆ.

ಕೊನೆಗೆ ಒಂದು ಪರೀಕ್ಷೆ: ರಾತ್ರಿ ತೊಟ್ಟಿಯ ಸುತ್ತ ಹಳೇ ಪೇಪರ್ ಹಾಸಿ. ಬೆಳಿಗ್ಗೆ ಒದ್ದೆಯಾಗಿದ್ದರೆ ಎಲ್ಲೋ ಸೋರುತ್ತಿರಬಹುದು, ಕೂಡಲೇ ದೊಡ್ಡವರಿಗೆ ಹೇಳಿ.