ಅರ್ಧ ಗಂಟೆಯ ಕೆಲಸ

ರಟ್ಟಿನ ಡಬ್ಬದ ಮೇಲೆ ಪುಟ್ಟ ಗಡಿಯಾರದ ಚಿತ್ರ, ಅದರ ಪಕ್ಕದಲ್ಲಿ 30 ಎಂಬ ಅಂಕಿ. ಅರ್ಧ ಗಂಟೆಯಲ್ಲಿ ಪುಸ್ತಕದ ಕಪಾಟು ಎದ್ದು ನಿಲ್ಲುತ್ತದೆ ಎಂದರ್ಥ. ಭಾನುವಾರ ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಒಂಬತ್ತೂವರೆಗೆ ನೆಲದ ಮೇಲೆ ಕೂತೆ. ಊಟಕ್ಕೆ ತಟ್ಟೆ ಹಾಕುವ ಹೊತ್ತಿಗೆ ಹಾಲ್‌ನಲ್ಲಿ ಹನ್ನೊಂದು ಹಲಗೆ, ನಾಲ್ಕು ಬಗೆಯ ಸ್ಕ್ರೂ, ಬೆರಳಿಗಿಂತ ಸಣ್ಣ ಮರದ ಗೂಟಗಳು, ಫ್ಯಾನಿನ ಗಾಳಿಗೆ ಅಡುಗೆಮನೆವರೆಗೂ ಹಾರಿದ ಥರ್ಮಾಕೋಲ್ ಹುಡಿ ಎಲ್ಲವೂ ಇದ್ದವು. ಕಪಾಟು ಮಾತ್ರ ಇರಲಿಲ್ಲ.

‘ರೀ, ಯಾರಾದ್ರೂ ಬಡಗಿನ ಕರೀಬಾರ್ದಾ?’ ಎಂದಳು ಹೆಂಡತಿ. ಚಿತ್ರ ನೋಡಿಕೊಂಡು ಜೋಡಿಸುವುದಕ್ಕೆ ಬಡಗಿ ಯಾಕೆ ಎಂದು ಗದರಿದೆ. ಪೇಪರ್ ಓದುತ್ತಿದ್ದ ಮಾವ ಕನ್ನಡಕದ ಮೇಲಿಂದ ನೋಡಿ, ‘ಆ ಪಕ್ಕದ ಹಲಗೆ ಹಿಂದುಮುಂದಾಗಿದೆಯೇನೋ’ ಎಂದರು. ಹಾಗೆಯೇ ಆಗಿತ್ತು. ಬಣ್ಣದ ಪಟ್ಟಿ ಅಂಟಿಸದ, ಒಳಗಿನ ಪುಡಿ ಕಾಣುವ ಬೋಳು ಅಂಚು ಮುಂದಕ್ಕೆ ಬಂದಿತ್ತು. ಅವರು ಹೇಳಿದ್ದು ಸರಿ ಎಂಬುದೇ ನನಗೆ ಹೆಚ್ಚು ಸಿಟ್ಟು ತರಿಸಿತು.

ಎಂಟು ಸ್ಕ್ರೂ ಬಿಚ್ಚಿ, ಹಲಗೆ ತಿರುಗಿಸಿ, ಮತ್ತೆ ಹಾಕಿದೆ. ಆಗ ನಿಜವಾದ ಕಷ್ಟ ಶುರುವಾಯಿತು. ಮೊದಲ ಸಲ ಗಟ್ಟಿಯಾಗಿ ಕಚ್ಚಿದ್ದ ಸ್ಕ್ರೂ ಎರಡನೇ ಸಲ ಸುಮ್ಮನೆ ಸುತ್ತತೊಡಗಿತು. ಹೊರಗೆಳೆದರೆ ತೂತಿನಿಂದ ರವೆಯಂಥ ಹುಡಿ ಉದುರಿತು.

ಆ ಹಲಗೆ ಮರವಲ್ಲ, ಮರದ ಚೂರು. ಚಕ್ಕೆ, ಗರಗಸದ ಹೊಟ್ಟು ಇವಕ್ಕೆ ಅಂಟು ಸೇರಿಸಿ, ಬಿಸಿಯಲ್ಲಿ ಒತ್ತಿ, ಮೇಲೆ ತೇಗದ ಗೆರೆ ಅಚ್ಚಾದ ಹಾಳೆ ಅಂಟಿಸಿದರೆ ಪಾರ್ಟಿಕಲ್ ಬೋರ್ಡ್. ಮರದಲ್ಲಿ ಉದ್ದಕ್ಕೂ ನಾರಿರುತ್ತದೆ, ಸ್ಕ್ರೂವಿನ ಹಲ್ಲು ಆ ನಾರನ್ನು ಹಿಡಿಯುತ್ತದೆ. ಇಲ್ಲಿ ಹಿಡಿಯಲು ಸಿಗುವುದು ಚೂರು ಮತ್ತು ಅಂಟು, ಅದೂ ಸರಿಯಾಗಿ ಒಂದೇ ಸಲ. ಬಿಚ್ಚಿದಿರೋ, ಆ ತೂತಿನ ಸತ್ವ ಹೋಯಿತು. ಮೊದಲ ಪ್ರಯತ್ನದಲ್ಲೇ ಸರಿಹೋಗಬೇಕಾದ ವಸ್ತುವನ್ನು, ಬದುಕಿನಲ್ಲಿ ಮೊದಲ ಸಲ ಆ ಕೆಲಸಕ್ಕೆ ಕೈಹಾಕುವವನ ಕೈಗೆ ಕೊಡುತ್ತಾರೆ. ಮನೆಯಲ್ಲಿ ಜೋಡಿಸುವ ಸಾಮಾನಿನ ತಲೆನೋವೆಲ್ಲ ಇಲ್ಲಿಂದಲೇ ಹುಟ್ಟುತ್ತದೆ ಎಂಬುದು ನನ್ನ ವಾದ. ಕೈಗೆ ಬುದ್ಧಿ ಬರುವುದು ಕೆಡಿಸಿದ ಮೇಲೆ. ಈ ಹಲಗೆಗೆ ಕೆಡಿಸಿಕೊಳ್ಳುವ ತಾಳ್ಮೆ ಇಲ್ಲ.

ಅಜ್ಜಿಯ ಮನೆಯ ಜಗಲಿಯಲ್ಲಿ ಹಲಸಿನ ಮರದ ಬೆಂಚೊಂದಿತ್ತು. ಅದನ್ನು ಮಾಡಲು ಆಚಾರ್ರು ಮನೆಗೇ ಬಂದು ಕೂತಿದ್ದರು. ಒಂದು ತುಂಡಿಗೆ ಉಳಿಯಿಂದ ತೂತು, ಇನ್ನೊಂದರ ತುದಿಗೆ ನಾಲಗೆ. ನಾಲಗೆ ಬಿಗಿಯಾದರೆ ಒಂದೆಳೆ ಕೀಸುತ್ತಿದ್ದರು, ಸಡಿಲಾದರೆ ಒಂದು ಬೆಣೆ ಹೊಡೆಯುತ್ತಿದ್ದರು. ಮಳೆಗಾಲದಲ್ಲಿ ಮರ ಉಬ್ಬಿದರೆ ಆ ಕೀಲು ಇನ್ನಷ್ಟು ಬಿಗಿದುಕೊಳ್ಳುತ್ತಿತ್ತು. ಅಳತೆ ತಪ್ಪುತ್ತದೆ ಎಂಬುದನ್ನು ಒಪ್ಪಿಕೊಂಡೇ ಅವರ ಕೆಲಸ ಸಾಗುತ್ತಿತ್ತು. (ಅವರಿಗೆ ದಿನಕ್ಕೆ ಮೂರು ಸಲ ಕಾಫಿ ಬೇಕಿತ್ತು, ಒಪ್ಪಿದ ದಿನಕ್ಕೆ ಎಂದೂ ಬಂದವರಲ್ಲ, ಅದು ಬೇರೆ ಮಾತು.) ಪಾರ್ಟಿಕಲ್ ಬೋರ್ಡ್ ಕಪಾಟಿನ ಬುಡ ಎರಡು ಮಳೆಗಾಲ ನೆಲ ಒರೆಸುವ ನೀರು ಕುಡಿದರೆ ಊದಿದ ಬಿಸ್ಕತ್ತಿನಂತಾಗುತ್ತದೆ.

ಬಿಚ್ಚಿದ ತುಂಡುಗಳನ್ನೇ ಮಾರುವ ಉಪಾಯ ಈಗಿನದೇನಲ್ಲ. ಮೈಕೆಲ್ ಥೋನೆಟ್ ಎಂಬಾತನ ಕಂಪನಿ 1859ರಲ್ಲಿ ಹಬೆಯಲ್ಲಿ ಬಾಗಿಸಿದ ಮರದ ಕುರ್ಚಿಯೊಂದನ್ನು ತಂದಿತು. ಅದರ ಹೆಸರು ಬರೀ ನಂಬರು: 14. ಆರು ತುಂಡು ಮರ, ಹತ್ತು ಸ್ಕ್ರೂ, ಎರಡು ನಟ್ಟು, ಕುರ್ಚಿ ಎಂದರೆ ಅಷ್ಟೇ. ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ 36 ಕುರ್ಚಿಗಳು ಹಿಡಿಸುತ್ತಿದ್ದವು, ಹಡಗು ಹತ್ತಿ ಹೋಗಿ ಮುಟ್ಟಿದ ಊರಲ್ಲಿ ಎದ್ದು ನಿಲ್ಲುತ್ತಿದ್ದವು. ನೂರು ವರ್ಷ ತುಂಬುವ ಮೊದಲೇ, 1956ರಲ್ಲಿ, ಸ್ವೀಡನ್ನಿನ ಐಕಿಯಾದಲ್ಲಿ ಕೆಲಸಕ್ಕಿದ್ದ ಗಿಲ್ಲಿಸ್ ಲುಂಡ್‌ಗ್ರೆನ್‌ಗೆ ಒಂದು ಮೇಜು ಕಾರಿನೊಳಗೆ ಹಿಡಿಸಲಿಲ್ಲ. ಕಾಲು ಬಿಚ್ಚಿ ಒಳಗಿಟ್ಟ. ಕಂಪನಿಯ ವ್ಯಾಪಾರದ ದಿಕ್ಕು ಬದಲಾದದ್ದು ಆ ಬಿಚ್ಚಿದ ಕಾಲುಗಳಿಂದ ಎಂಬುದು ಅವರೇ ಹೇಳಿಕೊಳ್ಳುವ ಕಥೆ. ಜೋಡಿಸಿದ ಮೇಜಿನ ಕಾಲುಗಳ ನಡುವೆ ಇರುವುದು ಬರೀ ಗಾಳಿ. ಲಾರಿ ಬಾಡಿಗೆಯಲ್ಲಿ ಮುಕ್ಕಾಲು ಪಾಲು ಗಾಳಿಗೆ ಕೊಡುವ ಬದಲು ಹಲಗೆಗಳನ್ನು ಮಲಗಿಸಿ ಸಾಗಿಸಿದರೆ ಬೆಲೆ ಇಳಿಯುತ್ತದೆ. ಲೆಕ್ಕ ಸರಿಯೇ. ನನ್ನ ಭಾನುವಾರ ಮಾತ್ರ ಆ ಬಿಲ್ಲಿನಲ್ಲಿ ಎಲ್ಲೂ ಕಾಣುವುದಿಲ್ಲ.

ಇನ್ನು ಆ ಚಿತ್ರದ ಹಾಳೆ. ಅದರಲ್ಲಿ ಒಂದಕ್ಷರವಿಲ್ಲ. ಯಾವ ಭಾಷೆಯವನಿಗೂ ಅನ್ಯಾಯವಾಗಬಾರದು ಎಂಬ ಸಮದೃಷ್ಟಿ ಎಂದುಕೊಂಡರೆ ತಪ್ಪು. ಒಂದೇ ಹಾಳೆಯನ್ನು ಎಲ್ಲ ದೇಶಕ್ಕೂ ಹಂಚಬಹುದು, ಅನುವಾದದ ಖರ್ಚು ಉಳಿಯಿತು. ಯಂತ್ರದ ಭಾಗಗಳನ್ನು ಗಾಳಿಯಲ್ಲಿ ಬಿಡಿಬಿಡಿಯಾಗಿ ತೇಲಿಸಿ ಬರೆಯುವ ಕಲೆ ಲಿಯೊನಾರ್ಡೊ ಡಾ ವಿಂಚಿಯ ಟಿಪ್ಪಣಿಗಳಲ್ಲೂ ಇದೆ. ಆದರೆ ಅವನ ಗೆರೆಯಲ್ಲಿ ಯಾವುದು ಒಳಗೆ, ಯಾವುದು ಹೊರಗೆ ಎಂಬುದು ಕಾಣುತ್ತದೆ. ನನ್ನ ಹಾಳೆಯಲ್ಲಿ 35 ಮಿಲಿಮೀಟರ್ ಸ್ಕ್ರೂಗೂ 40 ಮಿಲಿಮೀಟರ್ ಸ್ಕ್ರೂಗೂ ಇದ್ದ ವ್ಯತ್ಯಾಸ ಒಂದು ಅಕ್ಕಿಕಾಳಿನಷ್ಟು. ತಪ್ಪಿ ಉದ್ದನೆಯದನ್ನು ಹಾಕಿದರೆ ತುದಿ ಹಲಗೆಯ ಆ ಕಡೆ ಗುಳ್ಳೆ ಎಬ್ಬಿಸಿ ಇಣುಕುತ್ತದೆ. ಇಣುಕಿತು. ಆ ಜಾಗದಲ್ಲಿ ಈಗ ಮಗ ಕ್ರಿಕೆಟಿಗನೊಬ್ಬನ ಸ್ಟಿಕರ್ ಅಂಟಿಸಿದ್ದಾನೆ.

ಉಪಕರಣದ ಪಾಡೂ ಇದೇ. ಜೊತೆಗೆ ಕೊಡುವುದು ಎಲ್ ಆಕಾರದ ಒಂದು ತಂತಿ ತುಂಡು. ಅಮೆರಿಕದ ಅಲೆನ್ ಕಂಪನಿಯ ಹೆಸರು ಹೊತ್ತ ಆ ಆರು ಮೂಲೆಯ ಕೀಲಿ ನಮ್ಮ ಗ್ಯಾರೇಜುಗಳ ಬಾಯಲ್ಲಿ ‘ಎಲ್ಎನ್ ಕೀ’ ಆಗಿ ಎಷ್ಟೋ ಕಾಲವಾಯಿತು. ಇಕ್ಕಟ್ಟಾದ ಮೂಲೆಯಲ್ಲಿ ಅದು ಅರ್ಧ ಸುತ್ತಿಗಿಂತ ಹೆಚ್ಚು ತಿರುಗದು. ತೆಗೆ, ಹಾಕು, ತಿರುಗಿಸು; ತೆಗೆ, ಹಾಕು, ತಿರುಗಿಸು. ಸ್ಟಾರ್ ಸ್ಕ್ರೂಗೆ ಮನೆಯಲ್ಲಿರುವುದು ಆಯುಧಪೂಜೆಯಂದು ಕುಂಕುಮ ಕಂಡು, ಉಳಿದ ದಿನ ಡ್ರಾಯರಿನಲ್ಲಿ ಮಲಗುವ ಒಂದೇ ಸ್ಕ್ರೂಡ್ರೈವರ್. ಅದರ ಮೂತಿ ಸ್ಕ್ರೂವಿನ ತಲೆಯ ಗೀರಿಗೆ ಒಂದು ನಂಬರ್ ಚಿಕ್ಕದು. ಮೂರು ಸುತ್ತಿಗೆ ಸ್ಕ್ರೂವಿನ ತಲೆ ಸವೆದು ನುಣ್ಣಗಾಯಿತು.

ಇಷ್ಟಾದ ಮೇಲೂ ಜನ ತಾವೇ ಜೋಡಿಸಿದ ಸಾಮಾನನ್ನು ಬಿಟ್ಟುಕೊಡುವುದಿಲ್ಲ. ಮೈಕೆಲ್ ನಾರ್ಟನ್, ಡೇನಿಯಲ್ ಮೊಚನ್, ಡ್ಯಾನ್ ಏರಿಯಲಿ ಎಂಬ ಮೂವರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ‘ಐಕಿಯಾ ಪರಿಣಾಮ’ ಎಂದೇ ಹೆಸರಿಟ್ಟಿತು. ಕೈಯಾರೆ ಕೂಡಿಸಿದ ಪೆಟ್ಟಿಗೆಗೆ, ಮಡಚಿದ ಕಾಗದದ ಹಕ್ಕಿಗೆ ಜನ ಹೆಚ್ಚು ಬೆಲೆ ಕಟ್ಟಿದರು. ಆದರೆ ಕೆಲಸ ಅರ್ಧಕ್ಕೆ ನಿಂತವರಲ್ಲಿ ಆ ಮೋಹ ಹುಟ್ಟಲಿಲ್ಲ. ಸಂಜೆ ಐದರ ಹೊತ್ತಿಗೆ ನನ್ನ ಎದುರಿದ್ದ ಮೂರು ಕಾಲಿನ ಆಕೃತಿಗೆ ನಾನೂ ಏನೂ ಬೆಲೆ ಕಟ್ಟುತ್ತಿರಲಿಲ್ಲ.

ಸಮಾಧಾನಕ್ಕೆ ಒಂದು ಸಂಗತಿ ಇದೆ. ಸಿಂಗಪುರದ ನಾನ್ಯಾಂಗ್ ತಾಂತ್ರಿಕ ವಿಶ್ವವಿದ್ಯಾಲಯದವರು 2018ರಲ್ಲಿ ಎರಡು ರೋಬೊ ತೋಳುಗಳಿಂದ ಐಕಿಯಾ ಕುರ್ಚಿಯೊಂದನ್ನು ಜೋಡಿಸಿದರು. ಒಟ್ಟು ಹಿಡಿದದ್ದು 20 ನಿಮಿಷ 19 ಸೆಕೆಂಡ್. ಅದರಲ್ಲಿ 11 ನಿಮಿಷಕ್ಕೂ ಹೆಚ್ಚು ಹೊತ್ತು ಅವು ಕೈ ಅಲ್ಲಾಡಿಸದೆ ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ಯೋಚಿಸುತ್ತಿದ್ದವು. ಗೂಟ ತೂತಿಗೆ ಹೊಂದುವಂತೆ ಮಾಡಲು ಸಂಶೋಧಕರು ಅದಕ್ಕೂ ಮುಂಚೆ ವರ್ಷಗಟ್ಟಲೆ ತಿಣುಕಿದ್ದರು. ಯಂತ್ರಕ್ಕೂ ಯೋಚನೆಯ ಪಾಲೇ ಹೆಚ್ಚು ಎಂದರೆ ಮಾವನೆದುರು ನನ್ನ ಮಾನ ಒಂದಿಷ್ಟು ಉಳಿಯಿತು.

ನಮ್ಮಲ್ಲಿ ಈ ಗೋಳಿಗೆ ಪರಿಹಾರವೂ ನಮ್ಮದೇ ರೀತಿಯದು. ವಾಟರ್ ಫಿಲ್ಟರ್ ಕೊಂಡರೆ ‘ಇನ್‌ಸ್ಟಲೇಶನ್‌ಗೆ ಹುಡುಗ ಬರ್ತಾನೆ’, ಮಂಚ ಕೊಂಡರೂ ಹುಡುಗ ಬರುತ್ತಾನೆ. ಐಕಿಯಾ 2018ರಲ್ಲಿ ಹೈದರಾಬಾದಿಗೂ 2022ರಲ್ಲಿ ಬೆಂಗಳೂರಿನ ನಾಗಸಂದ್ರಕ್ಕೂ ಬಂದಾಗ, ಬೇಕಾದವರ ಮನೆಗೆ ಜೋಡಿಸುವವರನ್ನು ಕಳಿಸುವ ಏರ್ಪಾಡನ್ನೂ ಇಟ್ಟುಕೊಂಡಿತು. ಯುರೋಪಿನಲ್ಲಿ ಕೈಕೆಲಸಗಾರನ ಕೂಲಿ ದುಬಾರಿ, ಸ್ವಂತ ಭಾನುವಾರ ಅಗ್ಗ. ಇಲ್ಲಿ ಲೆಕ್ಕ ತಿರುಗುಮುರುಗು. ನನ್ನ ಕಪಾಟು ಬೇರೆಲ್ಲಿಯದೋ. ಅದಕ್ಕೆ ಹುಡುಗ ಬೇಡ ಎಂದು ಹೇಳಿ ನಾಲ್ಕು ನೂರು ರೂಪಾಯಿ ಉಳಿಸಿದವನು ನಾನೇ.

ಸೋಮವಾರ ಆ ನಾಲ್ಕು ನೂರು ಕೊಟ್ಟು ಕರೆಸಿದೆ. ‘ಸರ್, ಲೊಕೇಶನ್ ಕಳ್ಸಿ’ ಎಂದವನು ಬ್ಯಾಗ್ ಹಿಡಿದು ಬಂದ. ಮೊದಲು ರಟ್ಟಿನ ಡಬ್ಬವನ್ನು ಸೀಳಿ ನೆಲಕ್ಕೆ ಹಾಸಿದ, ಹಲಗೆಗೆ ಗೀರು ಬೀಳದಿರಲಿ ಎಂದು. ಸ್ಕ್ರೂಗಳನ್ನು ಉದ್ದದ ಪ್ರಕಾರ ಸಾಲಾಗಿ ನಿಲ್ಲಿಸಿದ. ಚಿತ್ರದ ಹಾಳೆಯ ಕಡೆ ನೋಡಲೂ ಇಲ್ಲ. ನಾನು ಕೆಡಿಸಿದ ತೂತುಗಳಿಗೆ ಬೆಂಕಿಕಡ್ಡಿ ಮುರಿದು ಫೆವಿಕಾಲ್ ಹಚ್ಚಿ ತುರುಕಿದ, ಒಣಗಲು ಬಿಟ್ಟು ಟೀ ಕುಡಿದ. ಸರಿಯಾಗಿದ್ದ ಹಳೇ ತೂತಿಗೆ ಸ್ಕ್ರೂ ಹಾಕುವಾಗ ಮೊದಲು ಉಲ್ಟಾ ತಿರುಗಿಸಿ, ‘ಟಕ್’ ಎಂದು ಹಳೇ ಗೀರಿಗೆ ಕೂತ ಮೇಲೆ ಬಿಗಿ ಮಾಡಿದ. ಹಲಗೆಗಳನ್ನು ಒಂದಕ್ಕೊಂದು ಹಿಡಿಸುವ ದುಂಡನೆಯ ಮಿನಿಫಿಕ್ಸ್ ಬೀಗಗಳನ್ನು ಅರ್ಧ ಸುತ್ತಿಗೇ ನಿಲ್ಲಿಸಿದ. ನಾನು ಅವನ್ನು ಮುರಿಯುವವರೆಗೂ ತಿರುಗಿಸಿದ್ದೆ.

‘ಪೂರ್ತಿ ಕೂಡೋವರ್ಗೂ ಯಾವ್ದನ್ನೂ ಟೈಟ್ ಮಾಡ್ಬಾರ್ದು ಸರ್. ಎಲ್ಲಾ ಸಡಿಲ ಇರ್ಬೇಕು, ಕೊನೇಲಿ ಒಟ್ಟಿಗೆ ಬಿಗೀಬೇಕು.’

ದಿನಕ್ಕೆ ಎಷ್ಟು ಮಾಡ್ತೀರಪ್ಪ ಎಂದೆ. ‘ನಾಲ್ಕೈದು. ಆದ್ರೆ ಮೊದಲ್ನೇ ಹತ್ತು ಕಪಾಟಿನ ಕಥೆ ಕೇಳ್ಬೇಡಿ’ ಎಂದು ನಕ್ಕ. ಅವನಿಗೆ ಕೆಡಿಸಲು ಹತ್ತು ಸಿಕ್ಕಿದ್ದವು, ನನಗೆ ಒಂದು.

ಟೀ ಬಿಟ್ಟು ಇಪ್ಪತ್ತೆರಡು ನಿಮಿಷಕ್ಕೆ ಕಪಾಟು ನಿಂತಿತು. ಹೊರಡುವ ಮುನ್ನ ಕಸದ ಚೀಲದಲ್ಲಿ ಕೈಯಾಡಿಸಿ ಪುಟ್ಟ ಪ್ಲಾಸ್ಟಿಕ್ ಪೊಟ್ಟಣವೊಂದನ್ನು ತೆಗೆದ. ಒಂದು ತಗಡಿನ ಎಲ್ ಪಟ್ಟಿ, ಒಂದು ಸ್ಕ್ರೂ. ಹೆಚ್ಚಿಗೆ ಬಂದದ್ದೆಂದು ಎಸೆದಿದ್ದೆ. ‘ಇದು ಉಳಿದಿದ್ದಲ್ಲ ಸರ್. ಗೋಡೆಗೆ ಹೊಡಿಯೋದು. ಚಿಕ್ಕ ಮಕ್ಳು ಇದ್ರೆ ಮರೀಬೇಡಿ.’

ಎಲ್ಲರೂ ಬಿಟ್ಟುಬಿಡುವ ಕೊನೆಯ ಹಂತ ಅದು. ಗೋಡೆಗೆ ಕಟ್ಟದ ಡ್ರಾಯರ್ ಪೆಟ್ಟಿಗೆಗಳು ಮೈಮೇಲೆ ಬಿದ್ದು ಮಕ್ಕಳು ಸತ್ತ ಮೇಲೆ, 2016ರಲ್ಲಿ ಐಕಿಯಾ ಅಮೆರಿಕವೊಂದರಲ್ಲೇ ಸುಮಾರು 2.9 ಕೋಟಿ ಪೆಟ್ಟಿಗೆಗಳನ್ನು ವಾಪಸ್ ಕರೆಯಿತು. ಹಣ ಹಿಂದಕ್ಕೆ ಪಡೆಯಿರಿ, ಇಲ್ಲವೇ ಗೋಡೆಗೆ ಬಿಗಿಯುವ ಸಾಮಾನನ್ನು ಪುಕ್ಕಟೆ ಪಡೆಯಿರಿ ಎಂದಿತು. ಇಂಥ ಪೆಟ್ಟಿಗೆಗಳು ಉರುಳದಂತಿರಬೇಕೆಂಬ ಕಾನೂನು ಅಲ್ಲಿ ಬಂದದ್ದು 2022ರ ಕೊನೆಗೆ. ಮಗು ಕೆಳಗಿನ ಡ್ರಾಯರ್ ಎಳೆದು ಮೆಟ್ಟಿಲು ಮಾಡಿಕೊಂಡು ಹತ್ತಿದರೆ ಸಾಕು, ಪೆಟ್ಟಿಗೆ ಮುಂದಕ್ಕೆ ವಾಲುತ್ತದೆ. ಪುಸ್ತಕದ ಕಪಾಟಿಗೆ ಎಳೆಯುವ ಕೆಲಸವೂ ಬೇಕಿಲ್ಲ, ಅಡ್ಡ ಹಲಗೆಗಳೇ ಏಣಿ.

ನಮ್ಮದು ಬಾಡಿಗೆ ಮನೆ. ಗೋಡೆಗೆ ಮೊಳೆ ಹೊಡೆಯಬಾರದೆಂದು ಕರಾರಿನಲ್ಲೇ ಬರೆದಿದೆ. ಮಾಲೀಕರಿಗೆ ಫೋನ್ ಮಾಡಿ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಒಂದೇ ತೂತು ತಾನೇ? ಹೊಡ್ಸಿ. ನಮ್ಮನೇಲೂ ಅಂಥದ್ದೊಂದು ಇದೆ, ನೋಡ್ತೀನಿ ತಾಳಿ’ ಎಂದರು.

ನೀವೂ ನೋಡಿ. ಜೋಡಿಸಿ ಉಳಿದ ಸ್ಕ್ರೂಗಳನ್ನೆಲ್ಲ ಹಾಕಿಟ್ಟ ಹಳೇ ಹಾರ್ಲಿಕ್ಸ್ ಬಾಟಲಿಯೋ ಬಿಸ್ಕತ್ ಡಬ್ಬವೋ ನಿಮ್ಮ ಮನೆಯಲ್ಲೂ ಇರುತ್ತದೆ. ಆ ಎಲ್ ಪಟ್ಟಿ ಅದರ ತಳದಲ್ಲಿ ಸಿಕ್ಕೀತು.