ಬೊಂಟಿ ಎಂಬ ಬಂಗಾಳದ ಮೆಟ್ಟುಗತ್ತಿ

ಸಾಗರದ ಸೀಮೆಯಿಂದ ಹೊರಟು ಉತ್ತರ ಕೋಲ್ಕತ್ತದ ಹಳೆಯ ಮನೆಯೊಂದರಲ್ಲಿ ಸಂಸಾರ ಹೂಡಿದಾಗ ಅಲ್ಲಿನ ಅಡುಗೆಮನೆಯಲ್ಲಿ ಕಟ್ಟೆಯೇ ಇರಲಿಲ್ಲ. ಕರಿಯ ಅಂಚಿನ ಕೆಂಪು ಗಾರೆ ನೆಲ, ಗ್ಯಾಸ್ ಒಲೆಗೊಂದು ಮೇಜು, ಗೋಡೆಯಲ್ಲಿ ಎರಡು ಗೂಡು, ಅಷ್ಟೇ. ಚಾಕು ಹಿಡಿದು ಎಲ್ಲಿ ಕೂರಲಿ, ಎಲ್ಲಿ ನಿಲ್ಲಲಿ ಎಂದು ನೋಡುತ್ತಿದ್ದೆ. ಕೆಲಸಕ್ಕೆ ಬಂದ ಮಾಶಿ ಮೂಲೆಯಲ್ಲಿ ಮಗ್ಗುಲಾಗಿ ಮಲಗಿಸಿಟ್ಟಿದ್ದ ಕಬ್ಬಿಣದ ಸಾಮಾನೊಂದನ್ನು ಎಳೆದುಕೊಂಡರು. ಅದರ ಮಣೆಯ ಮೇಲೆ ಪಾದ ಊರಿ, ಒಂದು ಮೊಣಕಾಲು ಎತ್ತಿ ಕೂತು, ಸಿಹಿಗುಂಬಳದ ಹೋಳನ್ನು ಎರಡೂ ಕೈಯಲ್ಲಿ ಹಿಡಿದು ಅಲಗಿಗೆ ಒತ್ತಿದರು. "ಇದು ಬೊಂಟಿ, ಬೌದಿ. ನಿಮ್ಮ ದೇಶದಲ್ಲಿ ಇದೆಯಾ?" ಎಂದು ಕೇಳಿದರು. ಬಂಗಾಳಿಯವರ ಮಾತಿನಲ್ಲಿ ದೇಶವೆಂದರೆ ಹುಟ್ಟಿದ ಊರು, ಬೌದಿಯೆಂದರೆ ಅತ್ತಿಗೆ, ಮಾಶಿಯೆಂದರೆ ಚಿಕ್ಕಮ್ಮ; ಮನೆಗೆಲಸದವರನ್ನೂ ಹಾಗೆಯೇ ಕರೆಯುತ್ತಾರೆ.

ನಮ್ಮ ದೇಶದಲ್ಲಿ ಇದೆ. ಅಜ್ಜಿ ಅದನ್ನು ಮೆಟ್ಟುಗತ್ತಿ ಎನ್ನುತ್ತಿದ್ದರು, ಮೈಸೂರಿನ ಕಡೆಯವರು ಈಳಿಗೆ ಮಣೆ ಎನ್ನುತ್ತಾರೆ. ತೆಲುಗರಿಗೆ ಅದು ಕತ್ತಿಪೀಟ, ತಮಿಳರಿಗೆ ಅರಿವಾಳ್‌ಮಣೈ, ಮರಾಠಿಯವರಿಗೆ ವಿಳಿ, ಒಡಿಶಾದವರಿಗೆ ಪನಿಕಿ. ನೆಲದ ಮೇಲೆ ಕೂತು ಅಡುಗೆ ಮಾಡುವ ನಾಡುಗಳಿಗೆಲ್ಲ ಬಹುಶಃ ಇದು ಬೇಕೇ ಆಯಿತು. ಆದರೆ ಬಂಗಾಳದಲ್ಲಿ ಅದಕ್ಕೆ ಸಿಕ್ಕಷ್ಟು ಬಳಕೆ, ವಿಂಗಡಣೆ, ಕಥೆ ಬೇರೆಲ್ಲೂ ಸಿಕ್ಕಿದ್ದನ್ನು ನಾನು ಕಂಡಿಲ್ಲ. ಆಹಾರದ ಬಗ್ಗೆ ಬರೆಯುವ ಚಿತ್ರಿತಾ ಬ್ಯಾನರ್ಜಿಯವರು ಬೊಂಟಿಯೊಂದರ ಮೇಲೆಯೇ ಒಂದು ಇಡೀ ಪ್ರಬಂಧ ಬರೆದಿದ್ದಾರೆ.

ಮರದ ಹಲಗೆ ಅಥವಾ ಕಬ್ಬಿಣದ ಪಟ್ಟಿ, ಅದರ ತುದಿಯಿಂದ ಮೇಲೆದ್ದು ಕೂತವರ ಕಡೆಗೆ ಬಾಗಿದ ಅಲಗು: ಬೊಂಟಿಯ ರಚನೆ ಇಷ್ಟೇ. ಮಡಚಿಡಲು ಬರುವ ಬೊಂಟಿಗಳೂ ಇವೆ. ಅಲಗಿನ ನೆತ್ತಿಯಲ್ಲಿ ಹಲ್ಲುಹಲ್ಲಿನ ಬಿಲ್ಲೆ ಇದ್ದರೆ ಅದು ಕುರುನಿ ಬೊಂಟಿ. ನಮ್ಮ ಹೆರೆಮಣೆಯ ಹಾಗೆ ತೆಂಗಿನಕಾಯಿ ಹೆರೆಯಲು. ಚಾಕು ತರಕಾರಿಯ ಮೇಲೆ ಇಳಿಯುತ್ತದೆ, ಬೊಂಟಿಯಲ್ಲಿ ತರಕಾರಿಯೇ ಅಲಗಿನ ಬಳಿಗೆ ಹೋಗುತ್ತದೆ. ಕತ್ತಿಯನ್ನು ಕಾಲು ಹಿಡಿದಿರುವುದರಿಂದ ಎರಡೂ ಕೈಗೆ ಬಿಡುವು. ಗಟ್ಟಿ ಕುಂಬಳವನ್ನು ಸೀಳುವಾಗ ತೋಳಿನ ಬಲವೆಲ್ಲ ಅದರ ಮೇಲೆ ಬೀಳುತ್ತದೆ. ಆಲೂಗಡ್ಡೆಯನ್ನು ಕೂದಲೆಳೆಯ ಹಾಗೆ ಕೊರೆಯುವಾಗ ಬೆರಳು ಬರೀ ಸವರಿಕೊಂಡು ಹೋಗುತ್ತದೆ.

ಮೊದಲ ತಿಂಗಳೆಲ್ಲ ಮಾಶಿಯ ಎದುರು ಕೂತು ನೋಡುವುದೇ ನನ್ನ ಕಲಿಕೆಯಾಯಿತು. ತರಕಾರಿ ಹೆಚ್ಚುವ ಕೆಲಸಕ್ಕೆ ಬಂಗಾಳಿಯಲ್ಲಿ 'ಕುಟ್‌ನೋ ಕೋಟಾ' ಎಂಬ ಬೇರೆಯದೇ ಮಾತಿದೆ, ಮಸಾಲೆ ಅರೆಯುವುದಕ್ಕೆ 'ಬಾಟ್‌ನಾ ಬಾಟಾ'. ಹೋಳುಗಳಿಗೂ ಒಂದೊಂದು ಹೆಸರು. ಚೌಕಾಕಾರದ್ದು ಡುಮೋ, ಉದ್ದದ ಸೀಳು ಫಾಲಿ, ಎಳೆಯೆಳೆಯಾದದ್ದು ಝುರಿ, ಸಣ್ಣಗೆ ಕೊಚ್ಚಿದ್ದು ಕುಚಿ. ಯಾವ ಪಲ್ಯಕ್ಕೆ ಯಾವ ಹೋಳು ಎಂಬುದು ತಪ್ಪಿದರೆ ರುಚಿಯೇ ಕೆಟ್ಟಿತು ಎಂದು ಅವರು ನಂಬುತ್ತಾರೆ, ಈಗ ನಾನೂ ನಂಬುತ್ತೇನೆ. ಒಂದು ದಿನ ಸಂತೆಯಿಂದ ಬಾಳೆದಿಂಡು ಬಂತು. ಅಲ್ಲಿ ಅದು ಥೋಡ್. ಬಿಲ್ಲೆ ಕೊರೆದಂತೆಲ್ಲ ಏಳುವ ನಾರನ್ನು ತೋರುಬೆರಳಿಗೆ ಸುತ್ತಿ ತೆಗೆಯುತ್ತಾ ಹೋದೆ. ಮಾಶಿ ಕೈ ನಿಲ್ಲಿಸಿ ನೋಡಿದರು. "ಇದನ್ನು ಯಾರು ಕಲಿಸಿದರು?" ಎಂದರು. ಆ ದಿನದಿಂದ ಬಾಳೆ ಹೂವು, ಎಳೆ ಹಲಸು ಬಂದಾಗಲೆಲ್ಲ ಬೊಂಟಿ ನನ್ನ ಕಡೆಗೆ ತಿರುಗುತ್ತಿತ್ತು. ಕೈಗೆ ಎಣ್ಣೆ ಸವರಿಕೊಂಡು ಸೊನೆ ತಡೆಯುವ ಉಪಾಯ ನಮ್ಮಲ್ಲಿಯೂ ಅದೇ, ಅವರಲ್ಲಿಯೂ ಅದೇ.

ಹಳೆಯ ಬಂಗಾಳಿ ಮನೆಗಳಲ್ಲಿ ಬೊಂಟಿ ಒಂದಲ್ಲ, ಎರಡು. ಮೀನು, ಮಾಂಸ ಕೊಯ್ಯುವುದು ಆಂಶ್ ಬೊಂಟಿ. ಆಂಶ್ ಎಂದರೆ ಮೀನಿನ ಹುರುಪೆ. ತರಕಾರಿಗೆ, ದೇವರ ಹಣ್ಣಿಗೆ ನಿರಾಮಿಷ ಬೊಂಟಿ. ಒಂದು ಇನ್ನೊಂದನ್ನು ಮುಟ್ಟುವಂತಿಲ್ಲ. ನಮ್ಮ ಹಳ್ಳಿಗಳ ಮಡಿ, ಮುಸುರೆ ಕಂಡವರಿಗೆ ಇದರ ಲೆಕ್ಕ ಬೇಗ ತಿಳಿಯುತ್ತದೆ. ಆದರೆ ಈ ವಿಂಗಡಣೆಯ ಹಿಂದೆ ಒಂದು ಕ್ರೌರ್ಯವೂ ಇದೆ. ಮೇಲ್ಜಾತಿಯ ವಿಧವೆಯರಿಗೆ ಮೀನು, ಮಾಂಸ, ಈರುಳ್ಳಿ, ಬೆಳ್ಳುಳ್ಳಿ ಎಲ್ಲ ನಿಷಿದ್ಧವಾಗಿತ್ತು, ಮಸೂರ್ ಬೇಳೆ ಕೂಡ. ಈಶ್ವರಚಂದ್ರ ವಿದ್ಯಾಸಾಗರರ ಹೋರಾಟದಿಂದ 1856ರಲ್ಲಿ ವಿಧವಾ ವಿವಾಹಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿತು, ತಟ್ಟೆಯ ಮೇಲಿನ ಕಟ್ಟು ಮಾತ್ರ ಬಹುಕಾಲ ಸಡಿಲಲಿಲ್ಲ. ಎಳೆಯ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡ ಹೆಣ್ಣುಮಕ್ಕಳು ಬೇರೆ ಒಲೆ, ಬೇರೆ ಬೊಂಟಿ ಹಿಡಿದು ಸಿಪ್ಪೆ, ದಿಂಡು, ಹೂವು, ಸೊಪ್ಪುಗಳಲ್ಲಿ ರುಚಿ ಹುಡುಕಿದರು. ಇವತ್ತು ಹೋಟೆಲುಗಳು ಹೆಮ್ಮೆಯಿಂದ ಬಡಿಸುವ ಬಂಗಾಳದ ಸಸ್ಯಾಹಾರದಲ್ಲಿ ಬಹುಪಾಲು ಆ ಕೈಗಳ ಶ್ರಮ. ಅದನ್ನು ಉಣ್ಣುವಾಗ ಈ ಸಂಗತಿ ನೆನಪಿರಬೇಕು.

ಆಂಶ್ ಬೊಂಟಿಯ ಪೂರ್ಣ ರೂಪ ಕಾಣಬೇಕಾದರೆ ಬೆಳಿಗ್ಗೆ ಮಾಣಿಕ್‌ತಲಾ ಅಥವಾ ಗಡಿಯಾಹಾಟ್ ಮಾರುಕಟ್ಟೆಗೆ ಹೋಗಬೇಕು. ಮೀನು ತಿನ್ನದ ನಾನೂ ಹೋಗಿ ನಿಂತು ನೋಡಿದ್ದೇನೆ. ಎತ್ತರದ ಜಗಲಿಯ ಮೇಲೆ ಮಾರುವವರು, ಅವರ ಕಾಲಡಿಯಲ್ಲಿ ಮನೆಯ ಬೊಂಟಿಗಿಂತ ಎಷ್ಟೋ ಪಾಲು ದೊಡ್ಡ ಅಲಗು. ಭಾರಿ ಕಾತ್ಲಾ ಮೀನನ್ನು ಎರಡು ಕೈಯಲ್ಲಿ ಎತ್ತಿ ಒತ್ತಿದರೆ ಬೆನ್ನಿನ ಗಾದಾ, ಹೊಟ್ಟೆಯ ಪೇಟಿ ಬೇರೆಬೇರೆಯಾಗಿ ಬೀಳುತ್ತವೆ. ಕೊಳ್ಳುವವರು ತಮಗೆ ಯಾವುದು ಬೇಕೆಂದು ಹೇಳುತ್ತಲೇ ಇರುತ್ತಾರೆ. ಮನೆಯಲ್ಲಿ ಮಾಗುರ್, ಕೋಯ್‌ನಂಥ ಜಾರುವ ಮೀನುಗಳಿಗೆ ಬೂದಿ ಮೆತ್ತಿ ಹಿಡಿಯುತ್ತಾರೆ.

ಚಿತ್ರಗಳಲ್ಲಿಯೂ ಬೊಂಟಿ ಉಳಿದಿದೆ. 19ನೇ ಶತಮಾನದ ಕಾಳಿಘಾಟ್ ಪಟಗಳಲ್ಲಿ ಮೀನು ಕೊಯ್ಯುತ್ತಾ ಕೂತ ಹೆಂಗಸು ಕಾಣುತ್ತಾಳೆ. ಅದೇ ಕಲಾವಿದರು ಅದನ್ನು ಕೊಲೆಯ ಆಯುಧವಾಗಿಯೂ ಬರೆದರು. 1873ರ ಮೇ ತಿಂಗಳಲ್ಲಿ ನವೀನ್‌ಚಂದ್ರ ಎಂಬಾತ 16 ವರ್ಷದ ಹೆಂಡತಿ ಎಲೋಕೇಶಿಯ ಕತ್ತನ್ನು ಆಂಶ್ ಬೊಂಟಿಯಿಂದ ಕಡಿದ. ತಾರಕೇಶ್ವರ ದೇವಸ್ಥಾನದ ಮಹಂತನೊಡನೆ ಅವಳ ಹೆಸರು ಕೇಳಿಬಂದಿತ್ತು. ಮಹಂತನಿಗೆ ಮೂರು ವರ್ಷ ಸಜೆಯಾಯಿತು. ಜೀವಾವಧಿ ಶಿಕ್ಷೆಗೆ ಗುರಿಯಾದ ನವೀನ್‌ನನ್ನು ಜನರ ಒತ್ತಾಯದ ಮೇಲೆ 1875ರಲ್ಲಿಯೇ ಬಿಟ್ಟರು. ಎಲೋಕೇಶಿಯ ಪರವಾಗಿ ಅಷ್ಟು ಜನ ಅರ್ಜಿ ಹಿಡಿದು ನಿಲ್ಲಲಿಲ್ಲ ಎನ್ನುವುದು ಆ ಪಟಗಳನ್ನು ನೋಡುವಾಗ ನನ್ನನ್ನು ಚುಚ್ಚುತ್ತದೆ.

ಬೊಂಟಿ ಮಾಡುವವರು ಕಾಮಾರರು. ನಮ್ಮ ಕಮ್ಮಾರನೂ ಅವರ ಕಾಮಾರನೂ ಒಂದೇ ಮಾತಿನಿಂದ ಹುಟ್ಟಿದವರು. ಅಲಗು ಮೊಂಡಾದರೆ ಶಾನ್ ಹಿಡಿಯುವವರು ಗಾಲಿಯ ಯಂತ್ರ ಹೊತ್ತು ಬೀದಿಗೆ ಬರುತ್ತಾರೆ. ಶಾನ್ ಎಂದರೆ ನಮ್ಮ ಸಾಣೆ. ಕಾಲಲ್ಲಿ ಗಾಲಿ ತುಳಿಯುತ್ತಾ ಕಿಡಿ ಹಾರಿಸಿ ಅಂಚು ಕಟ್ಟಿಕೊಡುತ್ತಾರೆ. ಅವರ ಹಿಂದೆಯೇ, ಅರೆಯುವ ಕಲ್ಲಿಗೆ ಉಳಿ ಹೊಡೆಯುವವರ 'ಶಿಲ್ ಕಾಟಾಓ' ಎಂಬ ಕೂಗು. ನಡು ಮಧ್ಯಾಹ್ನ ಈ ಕೂಗು ಕೇಳಿದಾಗ ನಮ್ಮ ಊರಿನ ಒರಳುಕಲ್ಲಿನ ಸದ್ದು ನೆನಪಾಗಿ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ. ಸೆಪ್ಟೆಂಬರ್ ನಡುವಿನಲ್ಲಿ ವಿಶ್ವಕರ್ಮ ಪೂಜೆ ಬರುತ್ತದೆ. ನಾವು ಮಹಾನವಮಿಗೆ ಮಾಡುವ ಆಯುಧಪೂಜೆಯನ್ನು ಕಬ್ಬಿಣದ ಕೆಲಸದವರು ಅಲ್ಲಿ ಆ ದಿನ ಮಾಡುತ್ತಾರೆ, ಮಾಳಿಗೆಗಳ ಮೇಲೆಲ್ಲ ಗಾಳಿಪಟ. ಆ ಹೊತ್ತಿಗೇ ಅರಂಧನ್: ಹಿಂದಿನ ರಾತ್ರಿಯೇ ಅಡುಗೆ ಮಾಡಿಟ್ಟು, ಮರುದಿನ ಒಲೆ ಹಚ್ಚದೆ ತಂಗಳನ್ನ ಉಣ್ಣುವ ಪದ್ಧತಿ. ವರ್ಷವಿಡೀ ದುಡಿದ ಒಲೆಗೆ ಒಂದು ದಿನದ ಬಿಡುವು ಕೊಡುವ ಈ ವಿಚಾರ ನನಗೆ ತುಂಬಾ ಹಿಡಿಸಿತು.

ಈಗಿನ ಫ್ಲಾಟುಗಳಲ್ಲಿ ಗ್ರಾನೈಟ್ ಕಟ್ಟೆ, ಅದರ ಮೇಲೆ ಚಾಕು. ಮಂಡಿನೋವು ಬಂದವರಿಗೆ ನೆಲಕ್ಕೆ ಕೂರುವುದು ಕಷ್ಟ, ಅದನ್ನು ನಾನು ಒಪ್ಪುತ್ತೇನೆ. ಆದರೂ ಬೊಂಟಿ ಪೂರ್ತಿ ಹೋಗಿಲ್ಲ, ಹೋಗದಂತೆ ಉಳಿಸಿರುವವರು ಹಳ್ಳಿಯ ಹೆಂಗಸರು. ನಸುಕಿನಲ್ಲೇ ಕ್ಯಾನಿಂಗ್, ಬಾರುಯಿಪುರದ ಕಡೆಯಿಂದ ಲೋಕಲ್ ರೈಲು ಹತ್ತಿ ಮನೆಗೆಲಸಕ್ಕೆ ನಗರಕ್ಕೆ ಬರುವ ಸಾವಿರಾರು ಮಾಶಿಯರಲ್ಲಿ ಅನೇಕರಿಗೆ ಚಾಕುವಿಗಿಂತ ಬೊಂಟಿಯೇ ಕೈಗೆ ಹತ್ತುತ್ತದೆ. ಹೊಸಬರಾದ ನಮ್ಮಂಥವರಿಗೆ ಆ ನಗರದ ಅಡುಗೆಮನೆಯನ್ನು ಕಲಿಸಿಕೊಟ್ಟವರೂ ಅವರೇ.

ನಿಮ್ಮ ಊರಿನ ಮನೆಯ ಅಟ್ಟದಲ್ಲಿ ಮೆಟ್ಟುಗತ್ತಿಯೋ ಈಳಿಗೆ ಮಣೆಯೋ ಇದ್ದರೆ ಗುಜರಿಗೆ ಹಾಕಬೇಡಿ. ತುಕ್ಕು ಉಜ್ಜಿ, ಸಾಣೆಯವರು ಬಂದಾಗ ಕರೆದು ಅಂಚು ಕಟ್ಟಿಸಿ, ಒಂದು ಬಾಳೆದಿಂಡು ಕೊರೆದು ನೋಡಿ. ಕೆಲಸ ಮುಗಿದ ಮೇಲೆ ಮಾತ್ರ ಅದನ್ನು ಮಗ್ಗುಲಾಗಿ ಮಲಗಿಸಿಡಿ, ಮಕ್ಕಳು ಓಡಾಡುವ ಮನೆ.